ಸುಣ್ಣದ ಋಣ

ಮೈಸೂರಿನ ಹೆಸರು ಹೇಳಿದೊಡನೆ ಮಲ್ಲಿಗೆ, ರೇಷ್ಮೆ, ಗಂಧಗಳ ಜೊತೆಗೆ ವೀಳ್ಯದೆಲೆಯೂ ನೆನಪಿಗೆ ಬರುತ್ತದೆ. ಆ ಎಳೆಯ ಎಲೆಯ ಬೆನ್ನಿಗೆ ಸವರುವ ಸುಣ್ಣವನ್ನು ಮಾತ್ರ ಯಾರೂ ಹೆಸರಿಸುವುದಿಲ್ಲ. ಹದವಾಗಿದ್ದರೆ ಬಾಯಿ ಕೆಂಪೇರುತ್ತದೆ, ಹದ ತಪ್ಪಿದರೆ ನಾಲಗೆ ಸುಡುತ್ತದೆ. ಇದೇ ಸುಣ್ಣ ನಮ್ಮ ಮನೆಗಳ ಗೋಡೆಗೆ ಬಿಳುಪಾಯಿತು, ಇಟ್ಟಿಗೆಗೂ ಇಟ್ಟಿಗೆಗೂ ನಡುವೆ ಗಾರೆಯಾಯಿತು, ಕಾವೇರಿಗೆ ಅಡ್ಡ ನಿಂತ ಕಟ್ಟೆಯ ಕಲ್ಲುಗಳನ್ನು ಹಿಡಿದು ನಿಲ್ಲಿಸಿತು. ಕಡೆಗೆ ಸಿಮೆಂಟಿನ ಅವತಾರ ತಾಳಿ ಲೋಕವನ್ನೇ ಆವರಿಸಿತು. ಭೂಮಿಯ ಹವೆ ವರ್ಷದಿಂದ ವರ್ಷಕ್ಕೆ ಬಿಸಿಯೇರುತ್ತಿರುವುದಕ್ಕೆ ಹೊಣೆ ಯಾರು ಎಂದು ಹುಡುಕುವವರ ಪಟ್ಟಿಯಲ್ಲಿ ಈಗ ಸಿಮೆಂಟಿನ ಹೆಸರೂ ದೊಡ್ಡ ಅಕ್ಷರಗಳಲ್ಲಿಯೇ ಇದೆ. ಆದ್ದರಿಂದ ಸುಣ್ಣದ ಚರಿತ್ರೆಯನ್ನು ಮೊದಲಿನಿಂದ ಒಮ್ಮೆ ನೋಡುವುದು ಉಚಿತವೆಂದು ತೋರುತ್ತದೆ.

ಸುಣ್ಣದ ಗೂಡಿನೊಳಗೆ ನಡೆಯುವುದೇನು? ಸುಣ್ಣಕಲ್ಲನ್ನು ಸೌದೆಯೊಡನೆಯೋ ಇದ್ದಲಿನೊಡನೆಯೋ ಪದರ ಪದರವಾಗಿ ಪೇರಿಸಿ, ೯೦೦ ಡಿಗ್ರಿಯ ಆಸುಪಾಸಿನ ಶಾಖದಲ್ಲಿ ಸುಡುತ್ತಾರೆ. ಬೆಂದ ಕಲ್ಲು ಬಹುಮಟ್ಟಿಗೆ ಹಳೆಯ ಆಕಾರದಲ್ಲಿಯೇ ಹೊರಗೆ ಬರುತ್ತದೆ. ಆದರೆ ಕೈಯಲ್ಲಿ ಎತ್ತಿ ನೋಡಿದರೆ ಬಲು ಹಗುರ. ೧೦೦ ತೂಕದ ಶುದ್ಧ ಸುಣ್ಣಕಲ್ಲು ೫೬ ತೂಕಕ್ಕೆ ಇಳಿದಿರುತ್ತದೆ. ಉಳಿದ ೪೪ ತೂಕ ಎಲ್ಲಿ ಹೋಯಿತು? ಸಾವಿರಾರು ವರ್ಷ ಸುಣ್ಣ ಸುಟ್ಟ ಮನುಷ್ಯನಿಗೆ ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಹದಿನೆಂಟನೆಯ ಶತಮಾನದಲ್ಲಿ. ಸ್ಕಾಟ್ಲೆಂಡಿನ ವೈದ್ಯ ಜೋಸೆಫ್ ಬ್ಲ್ಯಾಕ್ ೧೭೫೬ರಲ್ಲಿ ಪ್ರಕಟಿಸಿದ ತನ್ನ ಪ್ರಯೋಗಗಳಲ್ಲಿ, ಕಲ್ಲಿನೊಳಗೆ ಸೆರೆಯಾಗಿದ್ದ ಒಂದು ವಾಯು ಶಾಖಕ್ಕೆ ಬಿಡುಗಡೆಯಾಗಿ ಹೊರಬೀಳುತ್ತದೆಂದು ತೂಗಿ ತೋರಿಸಿದನು. ನಾವು ಉಸಿರು ಬಿಡುವಾಗ ಹೊರಬರುವುದೂ ಅದೇ ವಾಯು. ತಿಳಿಯಾದ ಸುಣ್ಣದ ನೀರಿಗೆ ಉಸಿರೂದಿದರೆ ನೀರು ಹಾಲಿನಂತಾಗುವುದನ್ನು ಶಾಲೆಯ ಮಕ್ಕಳೆಲ್ಲ ಕಂಡಿದ್ದಾರೆ. ಹಳೆಯ ಪಠ್ಯಪುಸ್ತಕಗಳು ಇಂಗಾಲಾಮ್ಲ ಎಂದು ಕರೆದದ್ದೂ, ಇಂದು ಎಲ್ಲರೂ ಇಂಗಾಲದ ಡೈಆಕ್ಸೈಡ್ ಎನ್ನುವುದೂ ಇದನ್ನೇ. ನಾನು ಇಲ್ಲಿ ಹಳೆಯ ಹೆಸರನ್ನೇ ಬಳಸುತ್ತೇನೆ.

ಈ ಕಥೆಗೆ ಉತ್ತರಾರ್ಧವೊಂದಿದೆ. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಅದು ಕೊತಕೊತನೆ ಕುದಿದು ಅರಳುತ್ತದೆ. ಅರಳಿದ ಸುಣ್ಣವನ್ನು ಮರಳಿನೊಡನೆ ಅರೆದು ಗೋಡೆಗೆ ಹಚ್ಚಿದ ಮೇಲೆ, ಅದು ಗಾಳಿಯಲ್ಲಿರುವ ಇಂಗಾಲಾಮ್ಲವನ್ನು ಮೆಲ್ಲಮೆಲ್ಲನೆ ಹೀರಿಕೊಂಡು ಮತ್ತೆ ಸುಣ್ಣಕಲ್ಲೇ ಆಗುತ್ತದೆ. ಹಳೆಯ ಗೋಡೆಗೆ ಮೊಳೆ ಹೊಡೆಯಹೋದವರಿಗೆ ಅದರ ಗಟ್ಟಿತನ ಗೊತ್ತು. ಗೂಡಿನಲ್ಲಿ ಮಾಡಿದ ಸಾಲವನ್ನು ಗೋಡೆ ಕಂತುಕಂತಾಗಿ, ವರ್ಷಗಟ್ಟಲೆ ತೀರಿಸುತ್ತ ಹೋಗುತ್ತದೆ. ಹಾಗೆಂದು ಸುಣ್ಣವನ್ನು ಪೂರ್ತಿ ಋಣಮುಕ್ತವೆಂದು ಹೊಗಳುವುದೂ ಸರಿಯಲ್ಲ. ಗೋಡೆ ಹಿಂದಕ್ಕೆ ಕೊಡುವುದು ಕಲ್ಲಿನಿಂದ ಹೊರಟ ವಾಯುವಿನ ಲೆಕ್ಕವನ್ನು ಮಾತ್ರ. ಗೂಡಿಗೆ ಒಟ್ಟಿದ ಸೌದೆಯ ಹೊಗೆಯ ಲೆಕ್ಕ ಬೇರೆಯಾಗಿಯೇ ಉಳಿಯುತ್ತದೆ. ಸುಣ್ಣದ ಗೂಡುಗಳಿಗಾಗಿ ಉರಿದ ಕಾಡುಗಳೂ ಉಂಟು.

ನೂರು ವರ್ಷದ ಹಿಂದಿನ ಮೈಸೂರು ಸುಣ್ಣದ ಮೇಲೆ ನಿಂತ ಊರು. ೧೮೯೮ರಲ್ಲಿ ಪ್ಲೇಗು ಕಾಲಿಟ್ಟ ಮೇಲೆ ಕಿಕ್ಕಿರಿದ ಬೀದಿಗಳನ್ನು ಬಿಡಿಸಿ, ಗಾಳಿ ಬೆಳಕು ಇರುವ ಹೊಸ ಬಡಾವಣೆಗಳನ್ನು ಕಟ್ಟಬೇಕೆಂಬ ಯೋಚನೆ ಬಲವಾಯಿತು. ಆ ಕೆಲಸಕ್ಕಾಗಿ ೧೯೦೩ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಏರ್ಪಟ್ಟಿತು. ಭಾರತದಲ್ಲಿ ಇಂಥ ಮಂಡಳಿಗಳು ಆಗ ಬಲು ಅಪರೂಪ. ಆ ಕಾಲದ ಮನೆಗಳ ದಪ್ಪ ಗೋಡೆಗೆ ಸುಣ್ಣದ ಗಾರೆ, ಮೇಲೆ ಮಂಗಳೂರು ಹೆಂಚು. ಉಳ್ಳವರ ಮನೆಗಾದರೆ ಮರದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿ ಸುಣ್ಣದ ಕಾಂಕ್ರೀಟು ಬಡಿದ ಮದರಾಸು ತಾರಸಿ. ಕಟ್ಟಡದ ಪಕ್ಕದಲ್ಲಿಯೇ ವರ್ತುಲಾಕಾರದ ಕಾಲುವೆ ತೋಡಿ, ಎತ್ತು ಕಟ್ಟಿ ಕಲ್ಲಿನ ಚಕ್ರವನ್ನು ಸುತ್ತಿಸಿ ಗಾರೆ ಅರೆಯುತ್ತಿದ್ದರು. ಗಿಲಾವಿನ ಸುಣ್ಣಕ್ಕೆ ಬೆಲ್ಲದ ನೀರು, ಅಳಲೆಕಾಯಿಯ ರಸ ಬೆರೆಸುವ ಮೇಸ್ತ್ರಿಗಳಿದ್ದರು. ಗಾರೆ ಎಷ್ಟು ಅರೆದರೆ ಅಷ್ಟು ಗಟ್ಟಿ ಎಂಬುದು ಅವರ ಅನುಭವ. ಆತುರಗಾರನಿಗೆ ಸುಣ್ಣ ಒಗ್ಗುತ್ತಿರಲಿಲ್ಲ.

ಸುಣ್ಣದ ದೊಡ್ಡ ಪರೀಕ್ಷೆ ನಡೆದದ್ದು ನಗರದಿಂದ ಕೆಲವೇ ಮೈಲಿ ದೂರದ ಕನ್ನಂಬಾಡಿಯಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಮುಖ್ಯ ಇಂಜಿನಿಯರಾಗಿದ್ದಾಗ, ೧೯೧೧ರ ನವೆಂಬರಿನಲ್ಲಿ ಕಟ್ಟೆಯ ಕೆಲಸ ಆರಂಭವಾಯಿತು. ಸುಮಾರು ೮,೬೦೦ ಅಡಿ ಉದ್ದ, ೧೩೦ ಅಡಿ ಎತ್ತರದ ಕಲ್ಲುಕಟ್ಟಡ. ಅದರ ಕಲ್ಲುಗಳನ್ನು ಬೆಸೆಯಲು ಏನನ್ನು ಬಳಸಬೇಕು? ಮದರಾಸಿನಲ್ಲಿ ೧೯೦೪ರಲ್ಲಿ ಸಿಮೆಂಟಿನ ಒಂದು ಪ್ರಯತ್ನ ನಡೆದಿದ್ದರೂ ಅದು ನೆಲೆ ನಿಲ್ಲಲಿಲ್ಲ. ಪೋರಬಂದರಿನ ಕಾರ್ಖಾನೆ ಸಿಮೆಂಟು ತಯಾರಿಸತೊಡಗಿದ್ದು ೧೯೧೪ರಲ್ಲಿ. ಕಟ್ಟೆ ಮೊದಲಾದಾಗ ಒಳ್ಳೆಯ ಸಿಮೆಂಟು ಬೇಕೆಂದರೆ ಹಡಗಿನಲ್ಲಿ ಬರಬೇಕಾಗಿತ್ತು, ಸಂಸ್ಥಾನದ ಬೊಕ್ಕಸಕ್ಕೆ ಅದು ಭಾರ. ನಮ್ಮ ಇಂಜಿನಿಯರುಗಳು ಸುರ್ಕಿಯ ಮೊರೆಹೊಕ್ಕರು.

ಸುರ್ಕಿ ಎಂದರೆ ಸುಟ್ಟ ಜೇಡಿಮಣ್ಣಿನ ಪುಡಿ, ಇಟ್ಟಿಗೆಯ ಹುಡಿ. ಬರಿಯ ಸುಣ್ಣದ ಗಾರೆಗೆ ಒಂದು ಕೊರತೆಯಿದೆ: ಅದು ಗಾಳಿ ತಾಗಿದ ಹೊರತು ಗಟ್ಟಿಯಾಗದು, ನೀರಿನಡಿಯಲ್ಲಿ ನಿಲ್ಲದು. ಸುಟ್ಟ ಜೇಡಿಮಣ್ಣಿನಲ್ಲಿರುವ ಸಿಲಿಕ ಮತ್ತು ಅಲ್ಯುಮಿನಗಳು ಸುಣ್ಣದೊಡನೆ ನೀರಿನ ಸಾನ್ನಿಧ್ಯದಲ್ಲಿ ಕೂಡಿದಾಗ, ನೀರೊಳಗೂ ಕಲ್ಲಾಗಬಲ್ಲ ಹೊಸ ಸಂಯುಕ್ತಗಳು ಹುಟ್ಟುತ್ತವೆ. ರೋಮನರು ಇದೇ ಗುಣವನ್ನು ಜ್ವಾಲಾಮುಖಿಯ ಬೂದಿಯಲ್ಲಿ ಕಂಡುಕೊಂಡಿದ್ದರು. ನಮ್ಮಲ್ಲಿ ೧೮೯೫ರಲ್ಲಿ ಮುಗಿದ ಮುಲ್ಲಪೆರಿಯಾರ್ ಕಟ್ಟೆಯೂ ಸುಣ್ಣ-ಸುರ್ಕಿಯದೇ. ಕನ್ನಂಬಾಡಿಯ ಕೆಲಸ ಮದರಾಸು ಪ್ರಾಂತ್ಯದೊಡನೆ ನಡೆದ ನೀರಿನ ವ್ಯಾಜ್ಯ, ೧೯೨೪ರ ಒಪ್ಪಂದಗಳನ್ನೆಲ್ಲ ದಾಟಿ ೧೯೩೧ರ ವೇಳೆಗೆ ಮುಕ್ತಾಯ ಕಂಡಿತು. ಅದು ಹಿಡಿದಿಟ್ಟ ನೀರು ಮಂಡ್ಯದ ಬಯಲನ್ನು ಹಸುರಾಗಿಸಿದ್ದನ್ನು ಹೇಳಬೇಕಾಗಿಲ್ಲ. ಅಂದಿನ ಇಂಜಿನಿಯರುಗಳು ಹವೆಯ ಉಷ್ಣತೆಯನ್ನು ಯೋಚಿಸಿ ಸುರ್ಕಿಯನ್ನು ಆರಿಸಿದವರಲ್ಲ. ಹಣದ ಮಿತವ್ಯಯವನ್ನು ಯೋಚಿಸಿದವರು. ಆದರೂ ಅವರ ಆಯ್ಕೆಯಲ್ಲಿ ಇಂದಿಗೆ ಬೇಕಾದ ಪಾಠವೊಂದು ಅಡಗಿದೆ. ಅದಕ್ಕೆ ಮುಂದೆ ಬರುತ್ತೇನೆ.

ಕಟ್ಟೆ ಮುಗಿಯುವ ಹೊತ್ತಿಗೆ ಕಾಲ ತಿರುಗಿತ್ತು. ಇಂಗ್ಲೆಂಡಿನ ಲೀಡ್ಸ್ ನಗರದ ಜೋಸೆಫ್ ಆಸ್ಪ್‌ಡಿನ್ ಎಂಬ ಗಾರೆಕೆಲಸದವನು ೧೮೨೪ರಲ್ಲಿ ಹಕ್ಕುಪತ್ರ ಪಡೆದ ಪೋರ್ಟ್‌ಲೆಂಡ್ ಸಿಮೆಂಟು, ಮುಂದೆ ಹಲವರ ಕೈಯಲ್ಲಿ ಪಳಗಿ ಲೋಕಪ್ರಿಯವಾಗಿತ್ತು. ಸುಣ್ಣಕಲ್ಲನ್ನೂ ಜೇಡಿಯನ್ನೂ ಒಟ್ಟಿಗೆ ಪುಡಿಮಾಡಿ ೧,೪೫೦ ಡಿಗ್ರಿಯ ಶಾಖದಲ್ಲಿ ಬೇಯಿಸಿದರೆ ಕ್ಲಿಂಕರ್ ಎಂಬ ಗಟ್ಟಿ ಉಂಡೆಗಳಾಗುತ್ತವೆ. ಅವನ್ನು ಸ್ವಲ್ಪ ಜಿಪ್ಸಂ ಸೇರಿಸಿ ಅರೆದರೆ ಸಿಮೆಂಟು. ಸುಣ್ಣ ತಿಂಗಳುಗಳಲ್ಲಿ ಮಾಡುವುದನ್ನು ಇದು ದಿನಗಳಲ್ಲಿ ಮಾಡುತ್ತದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಮಗ್ಗುಲಲ್ಲಿ ೧೯೩೦ರ ದಶಕದ ಕೊನೆಗೆ ಮೈಸೂರು ಸಂಸ್ಥಾನದ್ದೇ ಸಿಮೆಂಟು ಹುಟ್ಟಿತು. ನಿಜಾಮರ ಆಡಳಿತದಲ್ಲಿದ್ದ ಶಹಾಬಾದಿನಲ್ಲಿ ಸ್ವಾತಂತ್ರ್ಯಕ್ಕೆ ಮೊದಲೇ ಕಾರ್ಖಾನೆಯಿತ್ತು. ಬಳಿಕ ಬಾಗಲಕೋಟೆ, ತುಮಕೂರು ಜಿಲ್ಲೆಯ ಅಮ್ಮಸಂದ್ರ, ವಾಡಿ, ಸೇಡಂ ಕಡೆಯ ಮಳಖೇಡ ಹೀಗೆ ಒಂದೊಂದಾಗಿ ಚಿಮಣಿಗಳು ಎದ್ದವು. ಅಮೋಘವರ್ಷ ನೃಪತುಂಗನ ರಾಜಧಾನಿಯಾಗಿದ್ದ ಮಾನ್ಯಖೇಟದ ಸುತ್ತಿನ ನೆಲ ಈಗ ಕರ್ನಾಟಕದ ಸಿಮೆಂಟಿನ ತವರು. ಮೈಸೂರಿನ ಗಾರೆಯ ಚಕ್ರಗಳು ಒಂದೊಂದಾಗಿ ನಿಂತವು. ಮೇಸ್ತ್ರಿಗಳ ಮಕ್ಕಳು ಮೂಟೆ ಬಿಚ್ಚಿ ನೀರು ಕಲಸುವುದನ್ನು ಕಲಿತರು.

ಸಿಮೆಂಟಿನಿಂದ ಆದ ಉಪಕಾರವನ್ನು ಮರೆಯುವುದು ಕೃತಘ್ನತೆ. ಸೇತುವೆ, ಆಸ್ಪತ್ರೆ, ಶಾಲೆ, ಸೋರದ ಸೂರು, ಇವನ್ನೆಲ್ಲ ಸಾಮಾನ್ಯರ ಕೈಗೆಟುಕಿಸಿದ್ದು ಅದೇ. ಆದರೆ ಲೆಕ್ಕ ಲೆಕ್ಕವೇ. ಒಂದು ಟನ್ ಕ್ಲಿಂಕರ್ ತಯಾರಾಗುವಾಗ ಕಲ್ಲಿನಿಂದಲೇ ಅರ್ಧ ಟನ್ನಿಗೂ ತುಸು ಮಿಗಿಲಾದ ಇಂಗಾಲಾಮ್ಲ ಹೊರಡುತ್ತದೆ. ಕಲ್ಲಿದ್ದಲಿನ ಹೊಗೆ ಅದರ ಮೇಲಿನ ಬಾಬತ್ತು. ಮನುಷ್ಯ ಗಾಳಿಗೆ ಬಿಡುವ ಒಟ್ಟು ಇಂಗಾಲಾಮ್ಲದಲ್ಲಿ ಶೇಕಡಾ ೭-೮ರಷ್ಟು ಸಿಮೆಂಟಿನ ಪಾಲು ಎಂದು ಅಂದಾಜು. ಹಳೆಯ ಗಾರೆಯಂತೆ ಕಾಂಕ್ರೀಟೂ ಗಾಳಿಯಿಂದ ಒಂದಷ್ಟನ್ನು ಹಿಂದಕ್ಕೆ ಹೀರುತ್ತದೆ. ೧೯೩೦ರಿಂದ ೨೦೧೩ರವರೆಗೆ ಸಿಮೆಂಟಿನ ಸುಣ್ಣಕಲ್ಲು ಬಿಟ್ಟ ವಾಯುವಿನಲ್ಲಿ ಶೇಕಡಾ ೪೩ರಷ್ಟು ಹೀಗೆ ಹಿಂದಿರುಗಿದೆಯೆಂದು ೨೦೧೬ರಲ್ಲಿ ಪ್ರಕಟವಾದ ಒಂದು ಅಧ್ಯಯನ ಲೆಕ್ಕ ಹಾಕಿದೆ. ಹಾಗಾದರೂ ಅರ್ಧಕ್ಕಿಂತ ಹೆಚ್ಚು ಸಾಲ ಬಾಕಿ; ಇಂಧನದ ಸಾಲವಂತೂ ಪೂರ್ತಿ ಬಾಕಿ.

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಕಲ್ಲಿದ್ದಲನ್ನು ಬಿಟ್ಟು ಬಿಸಿಲಿನ ವಿದ್ಯುತ್ತಿನಿಂದ ಗೂಡನ್ನು ಕಾಯಿಸಿದರೆ ತೊಂದರೆ ಮುಗಿಯುವುದಿಲ್ಲವೇ? ಮುಗಿಯುವುದಿಲ್ಲ. ಉರಿ ಯಾವುದಾದರೂ ಇರಲಿ, ಬೆಂದ ಕಲ್ಲು ತನ್ನೊಳಗಿನ ವಾಯುವನ್ನು ಬಿಟ್ಟೇ ತೀರುತ್ತದೆ. ಸುಣ್ಣಕ್ಕೂ ಸಿಮೆಂಟಿಗೂ ಉಳಿದ ಉದ್ಯಮಗಳಿಗೂ ಇರುವ ವ್ಯತ್ಯಾಸ ಇದೇ. ಆದ್ದರಿಂದಲೇ, ಹೊರಟ ವಾಯು ಆಕಾಶ ಸೇರುವ ಮೊದಲೇ ಅದನ್ನು ಹಿಡಿದು ನೆಲದಡಿಯಲ್ಲಿ ಹೂಳುವ ವಿದ್ಯೆಗೆ ಈ ಉದ್ಯಮದಲ್ಲಿ ವಿಶೇಷ ಮಹತ್ವ.

ಹಿಡಿಯುವ ಬಗೆಗಳಲ್ಲಿ ಎರಡನ್ನು ಹೇಳಬಹುದು. ಒಂದರಲ್ಲಿ ಚಿಮಣಿಯ ಹೊಗೆಯನ್ನು ಅಮೈನ್ ಎಂಬ ದ್ರಾವಣದ ಮೂಲಕ ಹಾಯಿಸುತ್ತಾರೆ; ದ್ರಾವಣ ಇಂಗಾಲಾಮ್ಲವನ್ನು ಮಾತ್ರ ಹಿಡಿದುಕೊಳ್ಳುತ್ತದೆ, ಕಾಯಿಸಿದಾಗ ಬಿಟ್ಟುಕೊಡುತ್ತದೆ. ಇನ್ನೊಂದರಲ್ಲಿ ಸುಣ್ಣಕಲ್ಲಿನ ಪುಡಿಯನ್ನು ಉಕ್ಕಿನ ಕೊಳವೆಯೊಳಗೆ ಸುರಿದು, ಕೊಳವೆಯನ್ನು ಹೊರಗಿನಿಂದ ಕಾಯಿಸುತ್ತಾರೆ. ಉರಿಯ ಹೊಗೆ ಕಲ್ಲಿನ ವಾಯುವಿನೊಡನೆ ಬೆರೆಯುವುದೇ ಇಲ್ಲವಾದ್ದರಿಂದ ಬೇರ್ಪಡಿಸುವ ಶ್ರಮ ಉಳಿಯುತ್ತದೆ. ಬೆಲ್ಜಿಯಮ್ಮಿನಲ್ಲಿ ೨೦೧೯ರಿಂದ ಇದರ ಪ್ರಯೋಗ ನಡೆಯಿತು. ಮೊದಲ ಬಗೆಯನ್ನು ದೊಡ್ಡ ಪ್ರಮಾಣದಲ್ಲಿ ಕಾರ್ಯಕ್ಕೆ ತಂದದ್ದು ನಾರ್ವೆ ದೇಶದ ಬ್ರೆವಿಕ್ ಸಿಮೆಂಟು ಕಾರ್ಖಾನೆ. ೨೦೨೫ರ ಜೂನ್ ತಿಂಗಳಲ್ಲಿ ಉದ್ಘಾಟನೆಯಾದ ಅಲ್ಲಿನ ಸ್ಥಾವರಕ್ಕೆ ವರ್ಷಕ್ಕೆ ೪ ಲಕ್ಷ ಟನ್, ಎಂದರೆ ಆ ಕಾರ್ಖಾನೆ ಬಿಡುವುದರಲ್ಲಿ ಸುಮಾರು ಅರ್ಧವನ್ನು ಹಿಡಿಯುವ ಶಕ್ತಿಯಿದೆ. ಹಿಡಿದದ್ದನ್ನು ದ್ರವವಾಗಿಸಿ, ಹಡಗಿನಲ್ಲಿ ಪಶ್ಚಿಮ ಕರಾವಳಿಗೆ ಸಾಗಿಸಿ, ಕೊಳವೆಯ ಮೂಲಕ ಉತ್ತರ ಸಮುದ್ರದ ತಳದಿಂದ ೨,೬೦೦ ಮೀಟರ್ ಆಳದ ಮರಳುಗಲ್ಲಿನೊಳಕ್ಕೆ ತಳ್ಳುತ್ತಾರೆ.

ಬ್ರೆವಿಕ್ ಕಾರ್ಖಾನೆಯ ಒಡೆತನ ಜರ್ಮನಿಯ ಹೈಡೆಲ್‌ಬರ್ಗ್ ಸಂಸ್ಥೆಯದು. ಅಮ್ಮಸಂದ್ರದಲ್ಲಿ ಕಾರ್ಖಾನೆ ಕಟ್ಟಿದ ನಮ್ಮ ಮೈಸೂರು ಸಿಮೆಂಟ್ಸ್ ಕಂಪನಿ ೨೦೦೬ರಲ್ಲಿ ಸೇರಿದ್ದೂ ಅದೇ ಸಂಸ್ಥೆಯ ಕೈಗೆ. ಒಂದೇ ಮನೆತನದ ಎರಡು ಒಲೆಗಳಲ್ಲಿ ಒಂದಕ್ಕೆ ಈ ಭಾಗ್ಯ ಏಕೆ, ಇನ್ನೊಂದಕ್ಕೆ ಏಕಿಲ್ಲ? ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂಬ ಗಾದೆ ನೆನಪಾಗಬಹುದು. ಕಾರಣವನ್ನು ಕಂಪನಿಯ ಮನಸ್ಸಿಗಿಂತ ದೇಶಗಳ ಬೊಕ್ಕಸದಲ್ಲಿ ಹುಡುಕಬೇಕು. ನಾರ್ವೆಯ ಯೋಜನೆಯ ವೆಚ್ಚದಲ್ಲಿ ಹೆಚ್ಚಿನ ಭಾಗವನ್ನು ಹೊತ್ತದ್ದು ಆ ದೇಶದ ಸರ್ಕಾರ. ಸಮುದ್ರದಡಿಯ ಎಣ್ಣೆ ಮತ್ತು ಅನಿಲದಿಂದ ಸಿರಿವಂತವಾದ, ಆ ತಳವನ್ನು ದಶಕಗಳಿಂದ ಅಳೆದು ಬಲ್ಲ ದೇಶ ಅದು. ಬಹುಪಾಲು ಊರುಗಳನ್ನು ಕಟ್ಟಿ ಮುಗಿಸಿಯೂ ಇದೆ. ಭಾರತ ಕಟ್ಟುತ್ತಿರುವ ದೇಶ. ಚೀನಾದ ನಂತರ ಲೋಕದಲ್ಲಿ ಅತಿ ಹೆಚ್ಚು ಸಿಮೆಂಟು ಮಾಡುವುದು ನಾವೇ, ವರ್ಷಕ್ಕೆ ೪೦ ಕೋಟಿ ಟನ್ನಿಗೂ ಮೀರಿ. ೪ ಲಕ್ಷ ಟನ್ನಿನ ಹಿಡಿತವನ್ನು ಈ ರಾಶಿಯ ಪಕ್ಕದಲ್ಲಿಟ್ಟು ನೋಡಿದರೆ ಮುಂದಿನ ದಾರಿ ಎಷ್ಟು ದೂರವೆಂದು ತಿಳಿಯುತ್ತದೆ.

ನಾವು ಕೈಕಟ್ಟಿ ಕುಳಿತಿದ್ದೇವೆ ಎಂದಲ್ಲ. ೨೦೨೫ರ ಮೇ ತಿಂಗಳಲ್ಲಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ, ಸಿಮೆಂಟು ಕಾರ್ಖಾನೆಗಳ ಇಂಗಾಲಾಮ್ಲವನ್ನು ಹಿಡಿದು ಬಳಸುವ ಐದು ಪ್ರಯೋಗಗಳನ್ನು ಪ್ರಕಟಿಸಿತು. ಅವುಗಳಲ್ಲಿ ಒಂದರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಪಾಲುದಾರ. ಹಿಡಿದದ್ದನ್ನು ಹೂಳುವುದೆಲ್ಲಿ ಎಂಬುದು ಮುಂದಿನ ಪ್ರಶ್ನೆ. ಐಸ್‌ಲೆಂಡಿನ ವಿಜ್ಞಾನಿಗಳು ಇಂಗಾಲಾಮ್ಲವನ್ನು ನೀರಿನಲ್ಲಿ ಕರಗಿಸಿ ಕಪ್ಪು ಬಸಾಲ್ಟ್ ಶಿಲೆಯೊಳಕ್ಕೆ ಇಳಿಸಿದಾಗ, ಎರಡು ವರ್ಷದೊಳಗೆ ಅದರ ಶೇಕಡಾ ೯೫ಕ್ಕೂ ಹೆಚ್ಚು ಪಾಲು ಸುಣ್ಣಕಲ್ಲಿನ ಜಾತಿಯ ಖನಿಜವಾಗಿ ಗಟ್ಟಿಯಾಯಿತೆಂದು ೨೦೧೬ರಲ್ಲಿ ವರದಿ ಮಾಡಿದರು. ಕಲ್ಲಿನಿಂದ ಹೊರಟ ವಾಯು ಮತ್ತೆ ಕಲ್ಲಾದಂತೆ. ನಮ್ಮ ವಿಜಯಪುರ, ಬೆಳಗಾವಿ, ಬೀದರ ಜಿಲ್ಲೆಗಳ ಕಪ್ಪುಮಣ್ಣಿನಡಿ ಇರುವುದು ಇಂಥದೇ ಬಸಾಲ್ಟ್. ಕಲಬುರಗಿಯ ಸುಣ್ಣಕಲ್ಲಿನ ನೆರೆಯಲ್ಲಿಯೇ ಆ ಶಿಲೆ ಹಬ್ಬಿದೆ. ಭೂಪಟವನ್ನು ನೋಡಿದರೆ ರೋಗವೂ ಮದ್ದೂ ಒಂದೇ ಅಂಗಳದಲ್ಲಿವೆ ಎನಿಸುತ್ತದೆ. ಆದರೆ ಐಸ್‌ಲೆಂಡಿನ ವಿಧಾನಕ್ಕೆ ಒಂದು ಟನ್ ವಾಯುವಿಗೆ ೨೫ ಟನ್ನಿನಷ್ಟು ನೀರು ಬೇಕು. ಬರಕ್ಕೆ ಹೆಸರಾದ ಆ ಸೀಮೆಯಲ್ಲಿ ಕುಡಿಯುವ ಕೊಡಕ್ಕೂ ಹೊಲದ ಬಾವಿಗೂ ಪೈಪೋಟಿಯಾಗಿ ಈ ನೀರನ್ನು ಎಲ್ಲಿಂದ ತರುವುದು? ಆ ಶಿಲೆಯ ಬಿರುಕುಗಳಲ್ಲಿಯೇ ಅಂತರ್ಜಲವೂ ಇದೆ. ಸಮಗ್ರವಾಗಿ ಶೋಧಿಸದೆ, ಅಲ್ಲಿಯ ಜನರನ್ನು ಕೇಳದೆ ಮುನ್ನಡೆಯುವ ಕೆಲಸ ಇದಲ್ಲ.

ಈಗ ಕನ್ನಂಬಾಡಿಯ ಪಾಠಕ್ಕೆ ಹಿಂದಿರುಗೋಣ. ತೀರಿಸಲಾಗದ ಸಾಲವನ್ನು ಮೊದಲೇ ಕಡಿಮೆ ಮಾಡುವುದು ಜಾಣತನ. ಸುಣ್ಣಕಲ್ಲಿನ ಬದಲು ಸುಟ್ಟ ಜೇಡಿಯನ್ನು ಸಾಧ್ಯವಾದಷ್ಟು ಸೇರಿಸುವುದು ಸುರ್ಕಿಯ ತತ್ತ್ವ. ಈಗ ಸ್ವಿಟ್ಜರ್ಲೆಂಡ್, ಕ್ಯೂಬಾ ಮತ್ತು ಭಾರತದ ವಿಜ್ಞಾನಿಗಳು ಕೂಡಿ ರೂಪಿಸಿರುವ ಹೊಸ ಸಿಮೆಂಟಿನ ತಿರುಳೂ ಅದೇ. ಅದರಲ್ಲಿ ಕ್ಲಿಂಕರ್ ಅರ್ಧ ಮಾತ್ರ. ಉಳಿದರ್ಧದ ಬಹುಪಾಲು ೭೦೦-೮೫೦ ಡಿಗ್ರಿಯಲ್ಲಿ ಸುಟ್ಟ ಜೇಡಿ ಮತ್ತು ಸುಡದೆ ಪುಡಿಮಾಡಿದ ಸುಣ್ಣಕಲ್ಲು. ಜೇಡಿ ಸುಟ್ಟರೆ ಹೊರಡುವುದು ನೀರಿನ ಹಬೆ. ಇದರಿಂದ ಇಂಗಾಲಾಮ್ಲದ ಪ್ರಮಾಣ ಶೇಕಡಾ ೪೦ರವರೆಗೂ ಇಳಿಯಬಹುದು. ಭಾರತೀಯ ಮಾನಕ ಸಂಸ್ಥೆ ೨೦೨೩ರಲ್ಲಿ ಇದಕ್ಕೆ ಮಾನಕವನ್ನೂ ಹೊರಡಿಸಿದೆ. ಬಡ ಸಂಸ್ಥಾನವೊಂದು ದುಡ್ಡಿಲ್ಲದೆ ಮಾಡಿದ್ದನ್ನು ಲೋಕ ಇಂದು ವಿಜ್ಞಾನದ ಬಲದಿಂದ ಮಾಡಹೊರಟಿದೆ. ಹೀಗೆ ಇಳಿಸಿದ ಮೇಲೆಯೂ ಉಳಿಯುವ ಅರ್ಧಕ್ಕೆ ಮಾತ್ರ ಹಿಡಿದು ಹೂಳುವ ದುಬಾರಿ ವಿದ್ಯೆಯನ್ನು ಕಾದಿರಿಸಬಹುದು. ಮೊದಲನೆಯದನ್ನು ಮಾಡದೆ ಎರಡನೆಯದನ್ನೇ ನಂಬುವುದು, ದುಂದುವೆಚ್ಚ ಬಿಡದೆ ಸಾಲಗಾರನ ದಯೆಯನ್ನು ನಂಬಿದಂತೆ.

ಇದಕ್ಕಿಂತಲೂ ಮೊದಲಿನ ಹೆಜ್ಜೆಯೊಂದು ಮೈಸೂರಿನವರ ಕೈಯಲ್ಲಿಯೇ ಇದೆ. ೨೦೧೨ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ೨೦೧೬ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಭಾಗ ನೆಲಕ್ಕುರುಳಿತು. ಕೆಡವಿ ಕಟ್ಟಬೇಕೋ, ರಿಪೇರಿ ಮಾಡಿ ಉಳಿಸಬೇಕೋ ಎಂಬ ವಾದ ಅಂದಿನಿಂದ ನಡೆದು ಬಂದಿದೆ. ಸಾವು ನೋವು ಆದ ಕಡೆ ಜನರ ಭಯವನ್ನು ಹಗುರವಾಗಿ ಕಾಣಲಾಗದು. ಆದರೆ ಆ ವಾದದಲ್ಲಿ ಒಂದು ಲೆಕ್ಕ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಸುಣ್ಣದ ಹಳೆಯ ಗೋಡೆ ತನ್ನ ಕಲ್ಲಿನ ಸಾಲವನ್ನು ಬಹುಮಟ್ಟಿಗೆ ತೀರಿಸಿ ನಿಂತಿರುತ್ತದೆ. ಅದನ್ನು ಕೆಡವಿ ಸಿಮೆಂಟಿನಲ್ಲಿ ಕಟ್ಟಿದ ದಿನ ಹೊಸ ಸಾಲದ ಪತ್ರಕ್ಕೆ ರುಜು ಬೀಳುತ್ತದೆ. ಸುಣ್ಣದ ಗೋಡೆಗೆ ಸಿಮೆಂಟು ಮೆತ್ತಿದರೆ ಒಳಗಿನ ತೇವ ಹೊರಬರಲಾಗದೆ ಗೋಡೆ ಒಳಗೊಳಗೇ ಸಡಿಲವಾಗುತ್ತದೆ ಎಂಬುದೂ ತಿಳಿದ ವಿಷಯವೇ. ಉಳಿಸಬಹುದಾದ ಕಟ್ಟಡವನ್ನು ಸುಣ್ಣದಿಂದಲೇ ಉಳಿಸಬೇಕು. ಅದಕ್ಕೆ ಗಾರೆಯ ಹದ ಬಲ್ಲ ಮೇಸ್ತ್ರಿಗಳು ಬೇಕು. ಅಂಥವರು ವಿರಳರಾಗುತ್ತಿದ್ದಾರೆ. ಅವರು ಇರುವಾಗಲೇ ಆ ವಿದ್ಯೆಯನ್ನು ತರುಣರಿಗೆ ಕಲಿಸುವ ಏರ್ಪಾಡು ಆಗಬೇಕು.

ಸುಣ್ಣದ ಯುಗಕ್ಕೆ ನಾವು ಹಿಂದಿರುಗಲಾರೆವು. ಒಂದು ಕಟ್ಟೆಗೆ ಇಪ್ಪತ್ತು ವರ್ಷ ಕಾಯುವ ತಾಳ್ಮೆಯೂ ಅವಕಾಶವೂ ಈಗ ಇಲ್ಲ, ಸೂರಿಲ್ಲದವರಿಗೆ ಕಾಯಿರಿ ಎನ್ನುವ ಅಧಿಕಾರವೂ ಯಾರಿಗೂ ಇಲ್ಲ. ಇದ್ದದ್ದನ್ನು ಉಳಿಸಿಕೊಂಡು, ಹೊಸದಕ್ಕೆ ಕಡಿಮೆ ಸುಟ್ಟು, ಸುಟ್ಟಾಗ ಹೊರಟದ್ದನ್ನು ಹಿಡಿದಿಡುವುದು ನಮಗಿರುವ ದಾರಿ. ಈ ಮೂರರಲ್ಲಿ ಮೊದಲನೆಯದು ಪೌರರ ಕೆಲಸ, ಎರಡನೆಯದು ಇಂಜಿನಿಯರುಗಳದು. ಮೂರನೆಯದಕ್ಕೆ ಸರ್ಕಾರಗಳೂ, ಮೊದಲೇ ಕಟ್ಟಿಕೊಂಡು ಮುಗಿಸಿದ ಸಿರಿವಂತ ದೇಶಗಳೂ ಹಣ ತೆರಬೇಕು. ನಮ್ಮ ತಲೆಯ ಮೇಲಿನ ತಾರಸಿಯ ಸಾಲವನ್ನು ಮುಂದೆ ಅದರಡಿಯಲ್ಲಿ ಬಾಳುವ ಮೊಮ್ಮಕ್ಕಳ ಹೆಸರಿಗೆ ಬರೆದಿಟ್ಟು ಹೋಗುವುದು ನ್ಯಾಯವಾಗಲಾರದು.